ಕತ್ತೆಕಿರುಬದ ಪತ್ರ: ವಿಜ್ಞಾನಹಾಸ್ಯದಲ್ಲಿ ಲಿಂಗವಿಚಾರ

‘ಪ್ರಕೃತಿಗೆ ವಿರುದ್ಧ’ ಎಂಬ ಮಾತು ಶಾಸ್ತ್ರದ ಮಾತಿನಂತೆ ಕೇಳಿಸುತ್ತದೆ. ಆದರೆ ಅದನ್ನು ಆಡುವವರು ಪ್ರಕೃತಿಯನ್ನು ನೋಡಿ ಆಡುವುದು ವಿರಳ. 1860ರ ಭಾರತ ದಂಡಸಂಹಿತೆಯ 377ನೆಯ ವಿಧಿ ಪ್ರಕೃತಿಕ್ರಮಕ್ಕೆ ವಿರುದ್ಧವಾಗಿರುವುದನ್ನೇ ಅಪರಾಧದ ಲಕ್ಷಣವನ್ನಾಗಿ ಹಿಡಿದಿತ್ತು. ವಯಸ್ಕರ ಸಮ್ಮತಿಯ ಸಂಬಂಧಗಳಿಗೆ ಅದು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2018ರಲ್ಲಿ. ಗಂಡು ಹೀಗೆಯೇ, ಹೆಣ್ಣು ಹೀಗೆಯೇ, ಇವೆರಡರ ಆಚೆಗೆ ಇನ್ನೇನೂ ಇಲ್ಲವೆಂಬ ನಂಬಿಕೆಯೂ ಈ ‘ಪ್ರಕೃತಿ’ಯ ಆಸರೆಯಲ್ಲಿಯೇ ನಿಂತಿರುವುದು. ಇದನ್ನು ವಾದದಿಂದ ಎದುರಿಸಿದವರು ಹಲವರುಂಟು. ಜೀವಶಾಸ್ತ್ರದ ನಗೆಯಿಂದ ಎದುರಿಸಿದ ಒಂದು ಗ್ರಂಥವನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ವಿಕಾಸವಾದದಲ್ಲಿ ವ್ಯಾಸಂಗ ಮಾಡಿದ ಜೀವವಿಜ್ಞಾನಿ ಒಲಿವಿಯಾ ಜಡ್ಸನ್ ಅವರು 2002ರಲ್ಲಿ ‘ಡಾಕ್ಟರ್ ಟಾಟಿಯಾನಾಸ್ ಸೆಕ್ಸ್ ಅಡ್ವೈಸ್ ಟು ಆಲ್ ಕ್ರಿಯೇಷನ್’ ಎಂಬ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಪ್ರಣಯ, ದಾಂಪತ್ಯಗಳ ತೊಡಕುಗಳಿಗೆ ಸಲಹೆ ನೀಡುವ ಪತ್ರಿಕೆಯ ಅಂಕಣವೇ ಇದರ ವೇಷ. ಪತ್ರ ಬರೆಯುವವರು ಕೀಟಗಳು, ಹುಳುಗಳು, ಮೃಗಗಳು. ಉತ್ತರ ಬರೆಯುವವಳು ಟಾಟಿಯಾನಾ ಎಂಬ ಕಲ್ಪಿತ ತಜ್ಞೆ. ಪತ್ರದಲ್ಲಿ ವಿನೋದ, ಉತ್ತರದಲ್ಲಿ ವಿಜ್ಞಾನ.

ಗ್ರಂಥದ ಸತ್ತ್ವವನ್ನೆಲ್ಲ ಒಂದೇ ಪತ್ರದಲ್ಲಿ ಕಾಣಬಹುದು. ಬೋಟ್ಸ್ವಾನದ ಒಂದು ಹೆಣ್ಣು ಚುಕ್ಕೆ ಕತ್ತೆಕಿರುಬ ತನಗೆ ಗಂಡಿನಂತಹ ದೊಡ್ಡ ಅಂಗವಿದೆಯೆಂದೂ ಇದು ಹೆಣ್ಣಿಗೆ ತಕ್ಕುದಲ್ಲವೆಂದೂ ಸಂಕೋಚಪಡುತ್ತದೆ. ದೇಹದ ಸಂಗತಿ ಇಲ್ಲಿ ಕಟ್ಟುಕತೆಯಲ್ಲ. ಈ ಜಾತಿಯ ಹೆಣ್ಣಿನ ಭಗಾಂಕುರ ಗಂಡಿನ ಶಿಶ್ನದಷ್ಟೇ ಬೆಳೆದಿರುತ್ತದೆ. ಮರಿ ಹುಟ್ಟುವುದೂ ಅದರ ಮೂಲಕವೇ. ಹಿಂಡಿನಲ್ಲಿ ಹೆಣ್ಣಿನದೇ ಮೇಲುಗೈ. ಗಂಡುಹಾರ್ಮೋನುಗಳ ಹೆಚ್ಚಳವೇ ಇದಕ್ಕೆ ಕಾರಣವೆಂದು ಮೊದಲು ಊಹಿಸಲಾಗಿತ್ತು; ಆದರೆ ಬಸಿರಿನಲ್ಲಿ ಆ ಹಾರ್ಮೋನುಗಳ ಪ್ರಭಾವವನ್ನು ತಡೆದು ನಡೆಸಿದ ಪ್ರಯೋಗಗಳಲ್ಲಿಯೂ ಅಂಗ ಬೆಳೆಯದೆ ಬಿಡಲಿಲ್ಲ. ಕತ್ತೆಕಿರುಬ ಉಭಯಲಿಂಗಿಯೆಂಬ ಪ್ರತೀತಿ ಪ್ರಾಚೀನ ಗ್ರೀಸಿನಲ್ಲಿಯೂ ಇತ್ತು, ಅರಿಸ್ಟಾಟಲನು ಅದನ್ನು ಅಲ್ಲಗಳೆದಿದ್ದನು.

ಈಗ ನಗೆ ಎಲ್ಲಿ ಹುಟ್ಟುತ್ತದೆಂಬುದನ್ನು ವಿಚಾರಿಸಬೇಕು. ಪ್ರಾಣಿಯ ವಿಲಕ್ಷಣತೆಯಲ್ಲಿ ಅದು ಹುಟ್ಟಿದ್ದರೆ ಸಂತೆಯಲ್ಲಿ ಎರಡು ತಲೆಯ ಕರುವನ್ನು ಕಂಡು ಬೆರಗಾಗುವ ಕುತೂಹಲಕ್ಕಿಂತ ಮೇಲಿನದಾಗುತ್ತಿರಲಿಲ್ಲ. ಇಲ್ಲಿ ಮೃಗದ ಬಾಯಲ್ಲಿರುವುದು ಮನುಷ್ಯರ ಮನೆಯ ಮಾತು, ‘ಹೆಣ್ಣಿಗೆ ತಕ್ಕುದು’ ಎಂಬ ಮಾತು. ಹಿಂಡನ್ನು ಆಳುವ, ಗಂಡನ್ನು ಹಿಂದೆ ಸರಿಸಿ ಬೇಟೆಯನ್ನು ಮೊದಲು ತಿನ್ನುವ ಪ್ರಾಣಿ ಆ ಮಾತಿಗೆ ಅಂಜುತ್ತಿದೆ. ನಾವು ನಗುವುದು ಆ ಅಂಜಿಕೆಗೆ. ಮರುಕ್ಷಣದಲ್ಲಿಯೇ ಅದೇ ಅಳತೆಗೋಲಿನಿಂದ ಅಳೆಸಿಕೊಂಡು ಅಂಜಿ ಬಾಳಿದ ಮನುಷ್ಯರು ನೆನಪಿಗೆ ಬರುತ್ತಾರೆ. ಅಳತೆಗೋಲೇ ನಗೆಗೀಡಾಗುವುದು ವಿಡಂಬನೆಯ ಸಾರ್ಥಕ್ಯ.

ಎಲ್ಲ ಪತ್ರಗಳೂ ಈ ಮಟ್ಟದವೆಂದು ಹೇಳಲಾರೆವು. ಬೊನೆಲಿಯಾ ಎಂಬ ಹಸಿರು ಕಡಲಹುಳುವಿನ ಹೆಣ್ಣು ತನ್ನ ಗಂಡನನ್ನು ಉಸಿರಿನೊಡನೆ ಒಳಗೆಳೆದುಕೊಂಡೆನೆಂದು ಗಾಬರಿಗೊಳ್ಳುತ್ತದೆ. ಗಂಡು ಕೆಲವೇ ಮಿಲಿಮೀಟರಿನದು, ಬಾಳುವುದು ಹೆಣ್ಣಿನ ಒಡಲೊಳಗೆ. ನಗು ಬಂದೇ ಬರುತ್ತದೆ, ಆದರೆ ಅದು ಗಾತ್ರದ ವೈಷಮ್ಯದಿಂದ ಬಂದ ನಗು. ಹೆಣ್ಣಿನ ಮೈಮೇಲೆ ಬಿದ್ದ ಡಿಂಭ ಬಹುಮಟ್ಟಿಗೆ ಗಂಡಾಗುತ್ತದೆ, ಒಂಟಿಯಾಗಿ ಕಡಲತಳಕ್ಕೆ ಇಳಿದದ್ದು ಹೆಣ್ಣಾಗುತ್ತದೆ ಎಂಬ ಸಂಗತಿ ಹುಟ್ಟಿನಲ್ಲಿಯೇ ಎಲ್ಲವೂ ನಿಶ್ಚಿತವೆನ್ನುವ ಮತಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು.

ಇಂತಹ ಹಾಸ್ಯಕ್ಕೆ ಒಂದು ಅಪಾಯವೂ ಉಂಟು. ಸ್ಕಿಜೊಫಿಲಂ ಕಮ್ಯೂನ್ ಎಂಬ ಅಣಬೆಗೆ 23,000ಕ್ಕೂ ಮೀರಿದ ಲಿಂಗಗಳೆಂದು ವಿನೋದವಾಗಿ ಹೇಳುವುದುಂಟು. ಅವು ಸಂಯೋಗವರ್ಗಗಳೇ ಹೊರತು ಗಂಡು ಹೆಣ್ಣುಗಳಲ್ಲ. ಪ್ರಾಣಿಗಳಲ್ಲಿ ದೊಡ್ಡ ಅಂಡ, ಸಣ್ಣ ವೀರ್ಯಾಣು ಎಂಬ ಎರಡು ಬಗೆ ಇರುವುದು ನಿಜ. ಅದನ್ನು ಮರೆಮಾಡಿದ ಹಾಸ್ಯ ಎದುರಾಳಿಯ ಕೈಗೆ ತಾನೇ ಕೋಲು ಕೊಟ್ಟಂತೆ. ತಪ್ಪಿರುವುದು ಆ ಎರಡು ಬಗೆಯ ಕಣಗಳಿಗೆ ಉಡುಪು, ಉದ್ಯೋಗ, ಒಲವು, ಗುಣಸ್ವಭಾವಗಳನ್ನೆಲ್ಲ ತೂಗುಹಾಕುವುದರಲ್ಲಿ. ಅಲ್ಲದೆ, ಮೀನು ಲಿಂಗ ಬದಲಿಸುತ್ತದೆ, ಆದಕಾರಣ ಮನುಷ್ಯನಿಗೂ ಅದು ಸಲ್ಲುತ್ತದೆ ಎಂದು ವಾದಿಸುವವರು ಹಳೆಯ ದಂಡಸಂಹಿತೆಯಂತೆಯೇ ಪ್ರಕೃತಿಯನ್ನು ನ್ಯಾಯಪೀಠದಲ್ಲಿ ಕೂರಿಸುತ್ತಾರೆ; ತೀರ್ಪು ಮಾತ್ರ ಬೇರೆ. ಭಾರತದಲ್ಲಿ 2014ರ ತೀರ್ಪು ತೃತೀಯ ಲಿಂಗಿಗಳನ್ನು ಮನ್ನಿಸಿದ್ದು ಸಂವಿಧಾನದ ಸಮಾನತೆ, ಸ್ವಾತಂತ್ರ್ಯ, ಘನತೆಗಳ ಆಧಾರದಿಂದ, ಮೀನಿನ ಸಾಕ್ಷ್ಯದಿಂದಲ್ಲ. ಜಡ್ಸನ್ನರ ಕತ್ತೆಕಿರುಬ ‘ಪ್ರಕೃತಿಯಲ್ಲೆಲ್ಲ ಹೀಗೆಯೇ’ ಎಂಬ ಮಾತನ್ನು ಸುಳ್ಳೆಂದು ತೋರಿಸುತ್ತದೆ. ಅದಕ್ಕಿಂತ ಹೆಚ್ಚಿನ ಹೊರೆಯನ್ನು ಅದರ ಮೇಲೆ ಹೊರಿಸಲಾಗದು.

ಇಂತಹ ಬರಹವನ್ನು ಕನ್ನಡಕ್ಕೆ ತರುವವರು ಒಂದು ವಿಚಿತ್ರ ತೊಡಕನ್ನು ಎದುರಿಸಬೇಕಾದೀತು. ಕ್ಲೌನ್ ಮೀನಿನ ಗುಂಪಿನಲ್ಲಿ ದೊಡ್ಡದು ಹೆಣ್ಣು, ಅದರ ನಂತರದ್ದು ಗಂಡು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ. ಇಂಗ್ಲಿಷಿನವರು ವಾಕ್ಯದ ನಡುವೆ ‘ಅವನು’ ಎಂಬುದನ್ನು ‘ಅವಳು’ ಎಂದು ಬದಲಿಸಿ ನಗಿಸುತ್ತಾರೆ. ಕನ್ನಡದಲ್ಲಿ ಮೀನು ಮೊದಲೂ ‘ಅದು’, ಆಮೇಲೂ ‘ಅದು’. (ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಲಿಂಗಗಳನ್ನು ಒಂಬತ್ತಾಗಿ ಎಣಿಸಿರುವುದು ನಿಜ. ಅವು ಪದಗಳ ಲಿಂಗ. ಅದನ್ನೆತ್ತಿ ಕನ್ನಡಿಗರ ಪ್ರಾಚೀನ ಔದಾರ್ಯವನ್ನು ಸಾರಹೊರಡುವುದು ಉಚಿತವಲ್ಲ.) ಆದರೆ ಪ್ರಾಣಿ ತಾನೇ ಮಾತನಾಡಿದರೆ ಸಂಗತಿ ಬೇರೆ. ‘ನಾನು ಬಂದೆನು’ ಎಂಬಲ್ಲಿ ಗಂಡಿನ ಗುರುತಾಗಲಿ ಹೆಣ್ಣಿನ ಗುರುತಾಗಲಿ ಇಲ್ಲ. ಉತ್ತರದ ‘ನೀವು’ ಎಂಬಲ್ಲಿಯೂ ಇಲ್ಲ. ಆದುದರಿಂದ ಅನುವಾದಕರು ಪತ್ರದ ರೂಪವನ್ನು ಬಿಡಲಾಗದು. ಪತ್ರವನ್ನು ಪ್ರಬಂಧವಾಗಿಸಿದರೆ ಕತ್ತೆಕಿರುಬ ‘ಅದು’ ಆಗಿಬಿಡುತ್ತದೆ, ಅದರ ಸಂಕೋಚ ಪ್ರಾಣಿಶಾಸ್ತ್ರದ ಒಂದು ಮಾಹಿತಿಯಾಗಿ ಉಳಿಯುತ್ತದೆ.