ಎರಡು ಪಟ್ಟಿಗಳ ಪಾಠ: ಶಕ್ತಿಯ ಆಕರಗಳನ್ನು ಮಕ್ಕಳಿಗೆ ಬೋಧಿಸುವ ಕ್ರಮವನ್ನು ಕುರಿತು

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಶಕ್ತಿಯ ಆಕರಗಳನ್ನು ಕುರಿತು ಹೇಳಿಕೊಡುವ ಪಾಠವು ಇತಿಹಾಸದ ಅಧ್ಯಾಪಕರ ವಿಮರ್ಶೆಗೆ ತಕ್ಕ ವಿಷಯವೇ ಎಂಬ ಸಂದೇಹವು ಓದುಗರಲ್ಲಿ ಏಳುವುದು ಸಹಜ. ಅದು ವಿಜ್ಞಾನದ ಪಾಠ. ಅದರ ಗುಣದೋಷಗಳನ್ನು ವಿಜ್ಞಾನದವರೇ ನೋಡಿಕೊಳ್ಳಲಿ ಎಂದು ನಾವೂ ಬಹುಕಾಲ ತಿಳಿದಿದ್ದೆವು. ಆದರೆ ಪದವಿ ತರಗತಿಗಳಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಚರಿತ್ರೆಯನ್ನು ಪಾಠ ಹೇಳುವಾಗ, ಶಿವನಸಮುದ್ರವನ್ನೂ ಭದ್ರಾವತಿಯನ್ನೂ ಕುರಿತು ವಿದ್ಯಾರ್ಥಿಗಳು ಬರೆಯುವ ಉತ್ತರಗಳಲ್ಲಿ ಒಂದು ವಿಚಿತ್ರವಾದ ಸರಳತೆ ಕಂಡುಬರುತ್ತದೆ. ನೀರಿನ ಶಕ್ತಿ ಒಳ್ಳೆಯದು, ಅದು ಮುಗಿಯದು; ಕಲ್ಲಿದ್ದಲು ಕೆಟ್ಟದ್ದು, ಅದು ಮುಗಿದುಹೋಗುವುದು; ಇಷ್ಟಕ್ಕೆ ಅವರ ವಿಚಾರವು ನಿಂತುಬಿಡುತ್ತದೆ. ಇದರ ಬೇರನ್ನು ಹುಡುಕುತ್ತ ಹಿಂದೆ ಹೋದರೆ ನಾವು ಮುಟ್ಟುವುದು, ಅವರು ಹತ್ತು ಹನ್ನೆರಡು ವರ್ಷದವರಾಗಿದ್ದಾಗ ನೋಟುಪುಸ್ತಕದ ನಡುವೆ ಗೆರೆ ಎಳೆದು ಬರೆದುಕೊಂಡ ಎರಡು ಪಟ್ಟಿಗಳನ್ನು.

ಆ ಪಟ್ಟಿಗಳು ಸರ್ವವಿದಿತವಾದುವು. ಎಡಗಡೆ ಸೂರ್ಯ, ಗಾಳಿ, ನೀರು, ಜೈವಿಕ ಇಂಧನ. ಬಲಗಡೆ ಕಲ್ಲಿದ್ದಲು, ಪೆಟ್ರೋಲಿಯಂ, ನೈಸರ್ಗಿಕ ಅನಿಲ. ಎಡಗಡೆಗೆ ‘ನವೀಕರಿಸಬಹುದಾದ’ ಎಂದೂ ಬಲಗಡೆಗೆ ‘ನವೀಕರಿಸಲಾಗದ’ ಎಂದೂ ತಲೆಬರಹ. ಮೊದಲಿಗೆ ಈ ಮಾತನ್ನೇ ಪರಿಶೀಲಿಸಬೇಕು. ನವೀಕರಣವೆಂದರೆ ಕನ್ನಡ ನಾಡಿನ ಮಗುವು ಮನೆಯಲ್ಲಿ ಕೇಳುವುದು ಪರವಾನಗಿಯ ನವೀಕರಣ, ಬಸ್ಸಿನ ಪಾಸಿನ ನವೀಕರಣ. ಕಚೇರಿಗೆ ಹೋಗಿ ಹಣ ಕಟ್ಟಿ ಮಾಡಿಸಿಕೊಂಡು ಬರುವ ಒಂದು ಕೆಲಸ. ಗಾಳಿಯನ್ನು ಯಾರು ನವೀಕರಿಸುತ್ತಾರೆ, ಬಿಸಿಲನ್ನು ಯಾರು ನವೀಕರಿಸುತ್ತಾರೆ ಎಂದು ಮಗು ಕೇಳಿದರೆ ಅದು ದಡ್ಡತನದ ಪ್ರಶ್ನೆಯಲ್ಲ. ಕೆಲವು ಪುಸ್ತಕಗಳಲ್ಲಿ ಬರುವ ‘ಬರಿದಾಗುವ’, ‘ಬರಿದಾಗದ’ ಎಂಬ ಮಾತುಗಳು ಇದಕ್ಕಿಂತ ಲೇಸು. ಕೆರೆ ಬರಿದಾಗುವುದನ್ನೂ ಕಣಜ ಬರಿದಾಗುವುದನ್ನೂ ಮಗು ಬಲ್ಲುದು. ಆದರೆ ಅಲ್ಲಿಯೂ ಒಂದು ತೊಡಕುಂಟು: ಕೆರೆಯು ಬರಿದಾಗಿ ಮತ್ತೆ ತುಂಬುತ್ತದೆ.

ನಮ್ಮ ವಿಮರ್ಶೆಗೆ ಆಧಾರವಾಗಿ ಒಂದು ಪುಸ್ತಕವನ್ನು ಎತ್ತಿಕೊಳ್ಳುವುದು ಉಚಿತ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಎಂಟನೆಯ ತರಗತಿಗಾಗಿ ಹೊರತಂದು ಹಲವು ವರ್ಷ ಬಳಕೆಯಲ್ಲಿದ್ದ ವಿಜ್ಞಾನ ಪುಸ್ತಕದಲ್ಲಿ ಕಲ್ಲಿದ್ದಲು ಮತ್ತು ಪೆಟ್ರೋಲಿಯಂ ಎಂಬ ಅಧ್ಯಾಯವಿತ್ತು. ಅದರಲ್ಲಿ ಮಕ್ಕಳಿಗೆ ಒಂದು ಆಟವನ್ನು ಸೂಚಿಸಲಾಗಿತ್ತು. ಡಬ್ಬಿಯಲ್ಲಿ ಕಡಲೆಕಾಯಿಯನ್ನೋ ಹುರಿಗಡಲೆಯನ್ನೋ ತುಂಬಿಡಬೇಕು. ಏಳು ಮಕ್ಕಳ ಗುಂಪನ್ನು ಒಬ್ಬ, ಇಬ್ಬರು, ನಾಲ್ವರು ಎಂದು ಮೂರು ತಲೆಮಾರುಗಳಾಗಿ ವಿಂಗಡಿಸಬೇಕು. ಒಂದಾದ ಮೇಲೊಂದು ತಲೆಮಾರು ಬಂದು ತಿನ್ನಬೇಕು. ಕೊನೆಯವರಿಗೆ ಏನು ಉಳಿಯಿತೆಂದು ನೋಡಬೇಕು. ಇದು ಬಹಳ ಒಳ್ಳೆಯ ಆಟವೆಂದು ನಾವು ಮುಕ್ತಕಂಠದಿಂದ ಒಪ್ಪುತ್ತೇವೆ. ಪಟ್ಟಿಯಲ್ಲಿ ಇಲ್ಲದ ಕಾಲವು ಇಲ್ಲಿ ಬರುತ್ತದೆ. ಹಿಂದಿನವರು ತಿಂದುದಕ್ಕೂ ಮುಂದಿನವರಿಗೆ ಉಳಿದುದಕ್ಕೂ ಇರುವ ಸಂಬಂಧವನ್ನು ಮಗುವು ತನ್ನ ಹೊಟ್ಟೆಯಿಂದಲೇ ಅರಿಯುತ್ತದೆ. ಇತಿಹಾಸದ ಪಾಠಕ್ಕೂ ಇದಕ್ಕಿಂತ ಉತ್ತಮವಾದ ಪೀಠಿಕೆಯಿಲ್ಲ. ಆದರೆ ಆಟದ ಲೆಕ್ಕವು ಮಕ್ಕಳಿಗೆ ತಿಳಿಸುವ ಕಾರಣ ಒಂದೇ, ತಲೆಗಳ ಎಣಿಕೆ. ಜನ ಹೆಚ್ಚಿದರು, ಆದುದರಿಂದ ಡಬ್ಬಿ ಬರಿದಾಯಿತು. ಚರಿತ್ರೆಯಲ್ಲಿ ಡಬ್ಬಿಗಳು ಬರಿದಾದದ್ದು ಹೀಗಲ್ಲ. ಬ್ರಿಟನ್ನು 1913ರಲ್ಲಿ 28 ಕೋಟಿ 70 ಲಕ್ಷ ಟನ್ನು ಕಲ್ಲಿದ್ದಲನ್ನು ತೆಗೆಯಿತು. ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನರಿದ್ದ ಭಾರತವು ಆಗ ತೆಗೆಯುತ್ತಿದ್ದುದು ಅದರ ಒಂದು ಚಿಕ್ಕ ಅಂಶ. ತಿನ್ನುವವರ ಸಂಖ್ಯೆಯ ಜೊತೆಗೆ ಅವರ ಮುಷ್ಟಿಯ ಗಾತ್ರವೂ ಲೆಕ್ಕಕ್ಕೆ ಬರಬೇಕಾಗಿತ್ತು.

ಅದೇ ಅಧ್ಯಾಯವು ಕಾಡನ್ನು ಬರಿದಾಗುವ ಸಂಪತ್ತುಗಳ ಪಕ್ಕಕ್ಕೆ ಸೇರಿಸುತ್ತದೆ. ಕೆಳಗಿನ ತರಗತಿಗಳಲ್ಲಿ ಬರೆಸುವ ಪಟ್ಟಿಯಲ್ಲಾದರೋ ಸೌದೆಯು ಜೈವಿಕ ಇಂಧನದ ಹೆಸರಿನಲ್ಲಿ ಬರಿದಾಗದ ಪಕ್ಕದಲ್ಲಿದೆ. ಮರವು ಒಂದು ಪಟ್ಟಿಯಲ್ಲಿ, ಆ ಮರದ ಸೌದೆಯು ಇನ್ನೊಂದರಲ್ಲಿ! ಎರಡೂ ತಪ್ಪಲ್ಲ; ಬೆಳೆಯುವ ವೇಗಕ್ಕಿಂತ ಕಡಿಯುವ ವೇಗವು ಹೆಚ್ಚಾದರೆ ಎಡಗಡೆಯ ವಸ್ತು ಬಲಗಡೆಗೆ ಹೋಗುತ್ತದೆ. ಹೀಗೆ ದಾಟಿಹೋಗಬಹುದೆಂಬುದೇ ಈ ವಿಷಯದ ತಿರುಳು. ನಡುವೆ ಎಳೆದ ಗೆರೆಯು ಅದನ್ನೇ ಮರೆಮಾಡುತ್ತದೆ.

ಈ ದಾಟುವಿಕೆಗೆ ಭದ್ರಾವತಿಯು ಕೈಯಳವಿನ ನಿದರ್ಶನ. ಮೈಸೂರು ಸಂಸ್ಥಾನದಲ್ಲಿ ಕಬ್ಬಿಣದ ಅದುರು ಇತ್ತು, ಕಲ್ಲಿದ್ದಲು ಇರಲಿಲ್ಲ. ಆದಕಾರಣ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಭದ್ರಾವತಿಯ ಕಾರ್ಖಾನೆಯು ಕೆಮ್ಮಣ್ಣುಗುಂಡಿಯ ಅದುರನ್ನು ಮಲೆನಾಡಿನ ಕಾಡಿನ ಇದ್ದಲಿನಿಂದ ಕರಗಿಸಿತು. ಪಟ್ಟಿಯ ಪ್ರಕಾರ ಇದು ಬರಿದಾಗದ ಇಂಧನದಿಂದ ನಡೆದ ಕಾರ್ಖಾನೆ. ಆದರೆ ಕುಲುಮೆಯ ಹಸಿವಿಗೆ ಕಾಡು ಬೆಳೆದುಕೊಡುವುದು ಸುಲಭವಲ್ಲ. 1950ರ ದಶಕದಲ್ಲಿ ಅಲ್ಲಿ ವಿದ್ಯುತ್ತಿನಿಂದ ಅದುರನ್ನು ಕರಗಿಸುವ ಕುಲುಮೆಗಳು ಬಂದುವು. ಇಂಗ್ಲೆಂಡಿನಲ್ಲಿ ಅಬ್ರಹಾಂ ಡಾರ್ಬಿಯು 1709ರಲ್ಲಿ ಕೋಲ್‌ಬ್ರೂಕ್‌ಡೇಲಿನಲ್ಲಿ ಇದ್ದಲಿಗೆ ಬದಲಾಗಿ ಕೋಕನ್ನು ಬಳಸಿ ಕಬ್ಬಿಣವನ್ನು ಕರಗಿಸಿದ ಪ್ರಸಂಗವೂ ಇಂಥದೇ. ಅಲ್ಲಿನ ಕಾಡು ಎಷ್ಟರಮಟ್ಟಿಗೆ ಬರಿದಾಗಿತ್ತೆಂಬುದರಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವುಂಟು. ಆದರೂ ಹತ್ತಿರದಲ್ಲಿ ಅಗ್ಗವಾಗಿ ಸಿಗುವ ಸೌದೆಗೆ ಒಂದು ಮಿತಿಯಿತ್ತೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಬರಿದಾಗದ ಇಂಧನದಿಂದ ಬರಿದಾಗುವ ಇಂಧನಕ್ಕೆ ಮನುಷ್ಯನು ಹೋದದ್ದು ಬರಿಯ ಅವಿವೇಕದಿಂದಲ್ಲ.

ನೀರಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ನಮ್ಮ ನಾಡಿನ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆಯಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯು ಅವರು ತೀರಿಕೊಂಡ ಮರುವರ್ಷ, 1902ರಲ್ಲಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. ಬೆಂಗಳೂರಿಗೆ ದೀಪ ಬಂದುದು 1905ರಲ್ಲಿ, ಗಣಿಗಳಿಗೆ ಬಂದ ಮೇಲೆ. ಚಿನ್ನವು ಮುಗಿಯುವ ವಸ್ತು, ಕಾವೇರಿಯು ಮುಗಿಯದ್ದು. ಗಣಿಗಳು 2001ರಲ್ಲಿ ಮುಚ್ಚಿದುವು, ಶಿವನಸಮುದ್ರದಲ್ಲಿ ಇನ್ನೂ ವಿದ್ಯುತ್ತು ತಯಾರಾಗುತ್ತಿದೆ. ಇಷ್ಟನ್ನೇ ಹೇಳಿದರೆ ಪಟ್ಟಿಯು ಗೆದ್ದಂತೆ. ಆದರೆ ಬೇಸಗೆಯಲ್ಲಿ ಹೊಳೆಯು ಸೊರಗಿದಾಗ ಗಣಿಗಳಿಗೆ ವಾಗ್ದಾನ ಮಾಡಿದ ವಿದ್ಯುತ್ತನ್ನು ಕೊಡುವುದು ಹೇಗೆ? 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟಿಗೆ ಮಂಡ್ಯದ ನೀರಾವರಿಯ ಜೊತೆಗೆ ಇದೂ ಒಂದು ಕಾರಣ. ಅಣೆಕಟ್ಟು ಎದ್ದೊಡನೆ ಕೆಳಗಿನ ಮದರಾಸು ಸರ್ಕಾರದ ತಕರಾರು ಬಲವಾಯಿತು. ಅದು 1924ರ ಒಪ್ಪಂದಕ್ಕೂ ಮುಂದಿನ ದೀರ್ಘವಾದ ವ್ಯಾಜ್ಯಕ್ಕೂ ದಾರಿಯಾಯಿತು. ನದಿಯು ಬರಿದಾಗದು, ಆದರೆ ಒಂದು ತಿಂಗಳಲ್ಲಿ ಹರಿಯುವ ನೀರಿಗೆ ಲೆಕ್ಕವುಂಟು, ಅದಕ್ಕೆ ಹಕ್ಕುದಾರರೂ ಉಂಟು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ ಹಿನ್ನೀರಿನಲ್ಲಿ ಊರುಗಳು ಮುಳುಗಿದುವು. ಅಲ್ಲಿಂದ ಎದ್ದುಬಂದ ಕುಟುಂಬಗಳು ತಮಗೆ ದೊರೆತ ಭೂಮಿಯ ಹಕ್ಕುಪತ್ರಕ್ಕಾಗಿ ಅರ್ಧ ಶತಮಾನ ಕಳೆದ ಮೇಲೂ ಅರ್ಜಿ ಹಿಡಿದು ಓಡಾಡಿದುವು. ಶಿವಮೊಗ್ಗ ಜಿಲ್ಲೆಯ ಯಾವುದಾದರೂ ತರಗತಿಯಲ್ಲಿ ಆ ಕುಟುಂಬಗಳ ಮೊಮ್ಮಕ್ಕಳು ಕುಳಿತು, ‘ನೀರು: ನವೀಕರಿಸಬಹುದಾದ ಶಕ್ತಿ, ಹಾನಿಯಿಲ್ಲದ್ದು’ ಎಂದು ಬರೆದುಕೊಳ್ಳುತ್ತಿದ್ದರೆ, ಆ ಎರಡನೆಯ ಮಾತನ್ನು ಬರೆಸಿದ ಅಧ್ಯಾಪಕರು ಏನು ಸಮಾಧಾನ ಹೇಳಬಲ್ಲರು?

ಕಲ್ಲಿದ್ದಲಿನ ಪಾಠಕ್ಕೆ ಇನ್ನೊಂದು ಬಗೆಯ ಕೊರತೆಯಿದೆ. ಅದನ್ನೇಕೆ ಮಿತವಾಗಿ ಬಳಸಬೇಕೆಂದರೆ ಮಕ್ಕಳು ಕೊಡುವ ಉತ್ತರ, ಅದು ಮುಗಿದುಹೋಗುತ್ತದೆ ಎಂಬುದು. ಈ ಭಯವು ಹಳೆಯದು. ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿ ‘ದಿ ಕೋಲ್ ಕ್ವೆಶ್ಚನ್’ ಎಂಬ ಗ್ರಂಥವನ್ನೇ ಬರೆದು, ಬ್ರಿಟನ್ನಿನ ಏಳಿಗೆಯು ಅಗ್ಗದ ಕಲ್ಲಿದ್ದಲಿನ ಮೇಲೆ ನಿಂತಿದೆ, ಆ ಬೆಳವಣಿಗೆಯು ಹೀಗೆಯೇ ಮುಂದುವರಿಯಲಾರದು ಎಂದು ವಾದಿಸಿದನು. ಯಂತ್ರಗಳು ಮಿತವ್ಯಯದವಾದಷ್ಟೂ ಒಟ್ಟು ಬಳಕೆಯು ಏರುತ್ತದೆಂಬ ಅವನ ಮಾತು ಇಂದಿಗೂ ಚರ್ಚೆಯಲ್ಲಿದೆ. ಆದರೆ ಕೊನೆಗೆ ಆದುದೇನು? ಬ್ರಿಟನ್ನಿನ ಕೊನೆಯ ಆಳದ ಗಣಿಯು 2015ರಲ್ಲಿಯೂ, ಕಲ್ಲಿದ್ದಲಿನಿಂದ ನಡೆಯುತ್ತಿದ್ದ ಅದರ ಕೊನೆಯ ವಿದ್ಯುದಾಗಾರವು 2024ರ ಸೆಪ್ಟೆಂಬರ್ 30ರಂದೂ ಮುಚ್ಚಿದುವು. ನೆಲದಲ್ಲಿ ಕಲ್ಲಿದ್ದಲು ಇನ್ನೂ ಇತ್ತು. ಮುಚ್ಚಿಸಿದ ಕಾರಣಗಳು ಬೇರೆ: ತೆಗೆಯುವ ವೆಚ್ಚ, ಇತರ ಇಂಧನಗಳ ಸ್ಪರ್ಧೆ, ಹೊಗೆ, ಎಲ್ಲಕ್ಕಿಂತ ಈಚೆಗೆ ಭೂಮಿಯ ಶಾಖವನ್ನು ಏರಿಸುವ ಇಂಗಾಲದ ಡೈಆಕ್ಸೈಡು. ಮುಗಿಯುತ್ತದೆಂಬ ಒಂದೇ ಕಾರಣವನ್ನು ಕಲಿತ ಮಗುವಿಗೆ, ನೂರು ವರ್ಷಕ್ಕೆ ಸಾಕಾಗುವಷ್ಟು ಹೊಸ ನಿಕ್ಷೇಪ ಸಿಕ್ಕಿತೆಂದು ಯಾರಾದರೂ ಹೇಳಿದರೆ, ಇನ್ನು ಚಿಂತೆಯಿಲ್ಲವೆಂದೇ ತೋರುವುದು. ನಮ್ಮ ಪದವಿ ವಿದ್ಯಾರ್ಥಿಗಳಿಗೂ ಹಾಗೆಯೇ ತೋರುತ್ತದೆ.

ಈ ಟಿಪ್ಪಣಿಗೆ ಕಾರಣವಾದ ಸಂದರ್ಭವನ್ನು ಇಲ್ಲಿ ಹೇಳಬೇಕು. ಕೆಲವು ತಿಂಗಳ ಹಿಂದೆ ಒಂದು ಹಳ್ಳಿಯ ಶಾಲೆಯಲ್ಲಿ ಈ ಪಾಠ ನಡೆಯುತ್ತಿದ್ದಾಗ ನಾವು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆವು. ನಿಮ್ಮ ಮನೆಯಲ್ಲಿ ಏನನ್ನು ಉರಿಸುತ್ತೀರಿ ಎಂದು ಮೇಷ್ಟರು ಕೇಳಿದರು. ಗ್ಯಾಸು, ಗ್ಯಾಸು ಎಂದು ಹಲವರು ಕೂಗಿದರು. ಒಬ್ಬ ಹುಡುಗಿ ಮೆಲ್ಲಗೆ ‘ಬೆರಣಿ, ಸಾರ್’ ಎಂದಳು. ತರಗತಿಯು ನಕ್ಕಿತು. ಮೇಷ್ಟರು ಒಳ್ಳೆಯವರು, ನಕ್ಕವರನ್ನು ಗದರಿಸಿ, ಬೆರಣಿಯು ನವೀಕರಿಸಬಹುದಾದ ಇಂಧನ, ಇವಳ ಮನೆಯವರೇ ಸರಿಯಾದ ದಾರಿಯಲ್ಲಿದ್ದಾರೆ, ಗ್ಯಾಸು ಮುಗಿದುಹೋಗುವಂಥದು ಎಂದರು. ಹುಡುಗಿ ಮುಖವೆತ್ತಿ, ‘ನಮ್ಮವ್ವ ಕೆಮ್ತಾಳೆ ಸಾರ್’ ಎಂದು ಕುಳಿತುಕೊಂಡಳು. ಮೇಷ್ಟರಿಗೆ ಮುಂದೆ ಮಾತು ಹೊರಡಲಿಲ್ಲ. ಪಟ್ಟಿಯಲ್ಲಿ ಕೆಮ್ಮಿಗೆ ಸ್ಥಳವಿಲ್ಲ. 2016ರಲ್ಲಿ ಉಜ್ವಲಾ ಯೋಜನೆಯ ಮೂಲಕ ಬಡ ಮನೆಗಳಿಗೆ ಸರ್ಕಾರವು ಅನಿಲದ ಒಲೆಯನ್ನು ಕೊಡತೊಡಗಿದುದು ಈ ಕೆಮ್ಮಿನ ದೆಸೆಯಿಂದ. ಪಟ್ಟಿಯ ದೃಷ್ಟಿಯಿಂದ ನೋಡಿದರೆ ಅದು ಜನರನ್ನು ಎಡಗಡೆಯಿಂದ ಬಲಗಡೆಗೆ ನೂಕಿದ ಯೋಜನೆ!

ಇಷ್ಟೆಲ್ಲ ಜಟಿಲತೆಯು ಹತ್ತು ವರ್ಷದ ಮಗುವಿಗೆ ಬೇಕೆ, ಮೊದಲು ಸ್ಥೂಲವಾಗಿ ಕಲಿಯಲಿ, ಸೂಕ್ಷ್ಮವನ್ನು ಮುಂದೆ ತಿಳಿದಾರು ಎಂಬ ಆಕ್ಷೇಪಣೆಯುಂಟು. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ವರ್ಗೀಕರಣವಿಲ್ಲದೆ ಯಾವ ವಿದ್ಯೆಯೂ ಆರಂಭವಾಗದು. ಆದರೆ ನಾವು ಸೂಚಿಸುವುದು ಎರಡು ಪಟ್ಟಿಗಳಿಗಿಂತ ಕಷ್ಟವಾದುದಲ್ಲ. ಒಂದೇ ಪಟ್ಟಿ ಇರಲಿ, ಪ್ರತಿಯೊಂದು ಇಂಧನದ ಮುಂದೆ ಅದು ಮತ್ತೆ ದೊರೆಯಲು ಎಷ್ಟು ಕಾಲ ಬೇಕೆಂದು ಬರೆಯಲಿ. ಬಿಸಿಲು ನಾಳೆ ಬೆಳಗ್ಗೆ ಬರುತ್ತದೆ. ರಾಗಿಯ ಹುಲ್ಲು ಮುಂದಿನ ಸುಗ್ಗಿಗೆ. ಹುಣಸೆಯ ಮರವನ್ನು ನೆಟ್ಟವರು ಒಬ್ಬರು, ಕಡಿಯುವವರು ಅವರ ಮೊಮ್ಮಕ್ಕಳು. ರಾಯಚೂರಿನ ವಿದ್ಯುದಾಗಾರದಲ್ಲಿ ಉರಿಯುವ ನಮ್ಮ ದೇಶದ ಕಲ್ಲಿದ್ದಲಿನ ಗಿಡಗಳು ಬೆಳೆದುದು 25 ಕೋಟಿ ವರ್ಷಗಳಿಗೂ ಹಿಂದೆ. ಒಕ್ಕಲಿನ ಮಕ್ಕಳಿಗೆ ಈ ಅನುಪಾತವು ಹೊಸದಲ್ಲ. ಇನ್ನೊಂದು ಅಂಕಣದಲ್ಲಿ ಯಾರ ನೆಲದಿಂದ ಬರುತ್ತದೆಂದು ಕೇಳಬಹುದು. ಪಾವಗಡದ ಸೌರಶಕ್ತಿಯ ಪಾರ್ಕು 2,050 ಮೆಗಾವಾಟಿನದು. ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದು ಅದನ್ನು ಮಾಡಿದರು. ಬರಗಾಲದ ಸೀಮೆಯ ಒಡೆಯನಿಗೆ ಇದು ಮಳೆಗಿಂತ ನಂಬಿಕೆಯ ಆದಾಯ. ಅವನ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದವನಿಗೆ ಗುತ್ತಿಗೆಯ ಹಣ ಬಾರದು. ಇದನ್ನು ಐದನೆಯ ತರಗತಿಯ ಮಗು ಅರ್ಥಮಾಡಿಕೊಳ್ಳಲಾರದೆಂದು ನಾವು ನಂಬುವುದಿಲ್ಲ.

ಅಡ್ಡಿಯಿರುವುದು ಬೇರೆಡೆ. ‘ಹೊಂದಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಎರಡು ಪಟ್ಟಿಗಳೇ ಅನುಕೂಲ. ಕಾಲದ ಅಂಕಣಕ್ಕೆ ಅಂಕ ಕೊಡುವ ಬಗೆಯನ್ನು ಯಾರೂ ಗೊತ್ತುಮಾಡಿಲ್ಲ. ಆ ಶಾಲೆಯ ಮೇಷ್ಟರು ಇದನ್ನು ನಮಗೆ ನೇರವಾಗಿಯೇ ಹೇಳಿದರು. ಆದರೂ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ರಜೆಗೆ ಮುಂಚಿನ ಬಿಡುವಿನ ದಿನಗಳಲ್ಲಿ, ಅವರು ಕರಿಹಲಗೆಯ ಮೇಲೆ ಕಾಲದ ಅಂಕಣವನ್ನು ಎಳೆದರಂತೆ. ಬೆರಣಿಯ ಸಾಲನ್ನು ತುಂಬಲು ಆ ಹುಡುಗಿಯನ್ನೇ ಕರೆದರು. ಅವಳು ‘ತಟ್ಟಕ್ಕೆ ಒಂದು ದಿನ, ಒಣಗಕ್ಕೆ ಒಂದು ವಾರ, ಮಳೆಗಾಲದಲ್ಲಿ ಇಲ್ಲ’ ಎಂದು ಬರೆದಳೆಂದು ಮೇಷ್ಟರು ನಮಗೆ ತಿಳಿಸಿದ್ದಾರೆ.