ಹತ್ತು ಕೋಟಿ ಅತಿಥಿಗಳ ಲೆಕ್ಕ

ಪ್ರತಿ ವರ್ಷ ಜನವರಿಯಲ್ಲಿ ಮ್ಯಾಡ್ರಿಡ್‌ನಿಂದ ಒಂದು ವರದಿ ಹೊರಬೀಳುತ್ತದೆ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಅಲ್ಲಿ. ಹಿಂದಿನ ವರ್ಷ ಎಷ್ಟು ಮಂದಿ ತಮ್ಮ ದೇಶದ ಗಡಿ ದಾಟಿ ಹೋದರು, ಯಾವ ದಿಕ್ಕಿಗೆ ಹೋದರು ಎಂಬುದರ ಮೊದಲ ಅಂದಾಜು ಆ ವರದಿಯಲ್ಲಿರುತ್ತದೆ. 1950ರಲ್ಲಿ ಇಡೀ ಜಗತ್ತಿನ ಇಂಥ ಪ್ರಯಾಣಗಳ ಸಂಖ್ಯೆ ಸುಮಾರು ಎರಡೂವರೆ ಕೋಟಿ. 2019ರ ಹೊತ್ತಿಗೆ ಅದು 146 ಕೋಟಿಯಷ್ಟಾಗಿತ್ತು. ಕೋವಿಡ್ ಬಂದ 2020ರಲ್ಲಿ 40 ಕೋಟಿಗೆ ಕುಸಿಯಿತು. 2024ರಲ್ಲಿ ಮತ್ತೆ 140 ಕೋಟಿ ಮುಟ್ಟಿತು. ಮನುಷ್ಯನಿಗೆ ಊರು ಬಿಟ್ಟು ಊರು ನೋಡುವ ಹಂಬಲ ಎಷ್ಟು ಗಟ್ಟಿಯಾದದ್ದು ಎನ್ನುವುದಕ್ಕೆ ಈ ನಾಲ್ಕು ವರ್ಷಗಳ ಏರಿಳಿತವೇ ಸಾಕ್ಷಿ.

ಈ ವರದಿ ಬಂದ ಕೂಡಲೇ ಪತ್ರಿಕೆಗಳು ಹುಡುಕುವುದು ಒಂದೇ ಪಟ್ಟಿಯನ್ನು: ಅತಿ ಹೆಚ್ಚು ವಿದೇಶಿ ಪ್ರವಾಸಿಗರು ಹೋದ ದೇಶ ಯಾವುದು? 2024ರಲ್ಲಿ ಫ್ರಾನ್ಸ್‌ಗೆ ಹತ್ತು ಕೋಟಿ, ಸ್ಪೇನ್‌ಗೆ 9.38 ಕೋಟಿ, ಅಮೆರಿಕಕ್ಕೆ 7.24 ಕೋಟಿ, ಟರ್ಕಿಗೆ ಆರು ಕೋಟಿ, ಇಟಲಿಗೆ ಐದೂಮುಕ್ಕಾಲು ಕೋಟಿ, ಮೆಕ್ಸಿಕೊಗೆ ನಾಲ್ಕೂವರೆ ಕೋಟಿ. ಫ್ರಾನ್ಸ್‌ನ ಜನಸಂಖ್ಯೆ ಆರು ಕೋಟಿ ಎಂಬತ್ತು ಲಕ್ಷ, ಸ್ಪೇನಿನದು ಐದು ಕೋಟಿಗೂ ಕಡಿಮೆ. ಸ್ಪೇನಿನಲ್ಲಿ ಮನೆಯವರ ಸಂಖ್ಯೆಗಿಂತ ನೆಂಟರ ಸಂಖ್ಯೆ ಸುಮಾರು ಎರಡರಷ್ಟು ಎಂದಾಯಿತು.

ಫ್ರಾನ್ಸ್ ಏಕೆ ಮೊದಲು ಎಂದು ಕೇಳಿದರೆ ಐಫೆಲ್ ಗೋಪುರ, ಮೋನಾಲಿಸಾ, ವೈನ್, ಫ್ಯಾಷನ್ ಎಂಬ ಉತ್ತರ ಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಈ ಉತ್ತರ ಸಾಲುವುದಿಲ್ಲ. ಐಫೆಲ್ ಗೋಪುರ ಹತ್ತುವವರು ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು. ಲೂವ್ರ್ ಸಂಗ್ರಹಾಲಯಕ್ಕೆ 2024ರಲ್ಲಿ ಬಂದವರು 87 ಲಕ್ಷ. ಇವೆರಡನ್ನೂ ಕೂಡಿಸಿ, ಎಲ್ಲರೂ ವಿದೇಶಿಯರೇ, ಎಲ್ಲರೂ ಬೇರೆ ಬೇರೆಯವರೇ ಎಂದುಕೊಂಡರೂ ಒಂದೂವರೆ ಕೋಟಿ ದಾಟುವುದು ಕಷ್ಟ. ಉಳಿದ ಎಂಟೂವರೆ ಕೋಟಿ ಮಂದಿ ಎಲ್ಲಿಂದ ಬಂದರು, ಎಲ್ಲಿ ಹೋದರು?

ಉತ್ತರ ಎಣಿಕೆಯ ನಿಯಮದಲ್ಲಿದೆ. ತನ್ನ ದೇಶ ಬಿಟ್ಟು ಇನ್ನೊಂದು ದೇಶಕ್ಕೆ ಹೋಗಿ, ಕನಿಷ್ಠ ಒಂದು ರಾತ್ರಿ ತಂಗಿ, ವರ್ಷದೊಳಗೆ ಮರಳುವವರನ್ನೆಲ್ಲ ಅಂತರರಾಷ್ಟ್ರೀಯ ಪ್ರವಾಸಿ ಎಂದು ಲೆಕ್ಕ ಹಿಡಿಯುತ್ತಾರೆ. ಬಂದ ಕಾರಣ ವ್ಯಾಪಾರದ ಸಭೆಯಾಗಿರಬಹುದು, ಮದುವೆಯಾಗಿರಬಹುದು, ತೀರ್ಥಯಾತ್ರೆಯೂ ಆಗಿರಬಹುದು. ಬೆಳಿಗ್ಗೆ ಬಂದು ಸಂಜೆ ಹೊರಟವರು ಈ ಲೆಕ್ಕಕ್ಕಿಲ್ಲ. ಒಬ್ಬರೇ ವರ್ಷದಲ್ಲಿ ಮೂರು ಸಲ ಬಂದರೆ ಮೂರು ಎಂದೇ ಬರೆದುಕೊಳ್ಳುತ್ತಾರೆ. ಹದಿನೈದು ದಿನ ಇದ್ದವರಿಗೂ ಒಂದೇ ರಾತ್ರಿ ಮಲಗಿದವರಿಗೂ ಪಟ್ಟಿಯಲ್ಲಿ ಸಿಗುವುದು ಒಂದೇ ಅಂಕಿ.

ಈಗ ಯುರೋಪಿನ ನಕ್ಷೆ ನೋಡಬೇಕು. ಬೆಲ್ಜಿಯಂ, ಲಕ್ಸೆಂಬರ್ಗ್, ಜರ್ಮನಿ, ಸ್ವಿಟ್ಜರ್‌ಲೆಂಡ್, ಇಟಲಿ, ಮೊನಾಕೊ, ಅಂಡೋರಾ, ಸ್ಪೇನ್ ಹೀಗೆ ಯುರೋಪಿನೊಳಗೇ ಎಂಟು ದೇಶಗಳು ಫ್ರಾನ್ಸಿನ ಗಡಿಗೆ ಅಂಟಿಕೊಂಡಿವೆ. ಬ್ರಿಟನ್ನಿಗೆ 1994ರಿಂದ ಸಮುದ್ರದಡಿಯ ಸುರಂಗವಿದೆ. ಉತ್ತರ ಯುರೋಪಿನವರಿಗೆ ಬೇಸಿಗೆಯಲ್ಲಿ ಬೇಕಾದದ್ದು ಬಿಸಿಲು ಮತ್ತು ಬೆಚ್ಚನೆಯ ಸಮುದ್ರ. ಡಚ್ಚರು, ಬೆಲ್ಜಿಯನ್ನರು ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ದಕ್ಷಿಣಕ್ಕೆ ಹೊರಟರೆ ದಾರಿ ಫ್ರಾನ್ಸಿನ ನಡುವೆಯೇ ಹೋಗುತ್ತದೆ. ಸ್ಪೇನಿನ ಕಡಲತೀರಕ್ಕೆಂದು ಹೊರಟ ಕುಟುಂಬ ನಡುದಾರಿಯಲ್ಲಿ ಒಂದು ರಾತ್ರಿ ಹೋಟೆಲಿನಲ್ಲೋ ಕ್ಯಾಂಪಿಂಗ್ ತಾಣದಲ್ಲೋ ಮಲಗಿದರೆ ಫ್ರಾನ್ಸಿನ ಲೆಕ್ಕಕ್ಕೂ ಸೇರಿತು, ಮರುದಿನ ಸ್ಪೇನಿನ ಲೆಕ್ಕಕ್ಕೂ ಸೇರಿತು.

ಪ್ಯಾರಿಸ್‌ನಿಂದ ಮೆಡಿಟರೇನಿಯನ್ ಕಡೆಗೆ ಇಳಿಯುವ ಹೆದ್ದಾರಿಯನ್ನು ಅಲ್ಲಿನ ಜನ ಕರೆಯುವುದೇ ಸೂರ್ಯನ ಹೆದ್ದಾರಿ ಎಂದು. ಜುಲೈ, ಆಗಸ್ಟ್ ತಿಂಗಳ ಶನಿವಾರಗಳಲ್ಲಿ ಇಂಥ ರಸ್ತೆಗಳಲ್ಲಿ ಸೇರುವ ವಾಹನಗಳಿಗಾಗಿಯೇ ಸರ್ಕಾರ 1976ರಿಂದ ‘ಬಿಸೋಂ ಫ್ಯೂತೆ’ ಎಂಬ ಮುನ್ಸೂಚನೆಯ ವ್ಯವಸ್ಥೆ ನಡೆಸುತ್ತಿದೆ. ದಟ್ಟಣೆಗೆ ತಕ್ಕಂತೆ ದಿನಗಳಿಗೆ ಹಸಿರು, ಕಿತ್ತಳೆ, ಕೆಂಪು, ಕಪ್ಪು ಬಣ್ಣ ಕೊಡುತ್ತಾರೆ. ಆಗಸ್ಟ್ ಮೊದಲ ವಾರಾಂತ್ಯಕ್ಕೆ ಕಪ್ಪು ಬಣ್ಣ ಬೀಳುವುದು ಯುರೋಪಿನ ಪ್ರವಾಸಿಗರಿಗೆಲ್ಲ ಗೊತ್ತಿರುವ ಸಂಗತಿ. ಫ್ರಾನ್ಸಿನ ಮೊದಲ ಸ್ಥಾನದ ಗುಟ್ಟು ಹುಡುಕುವವರು ಲೂವ್ರ್‌ನ ಸರದಿಯನ್ನು ನೋಡುವಷ್ಟೇ ಶ್ರದ್ಧೆಯಿಂದ ಈ ರಸ್ತೆಯನ್ನೂ ನೋಡಬೇಕು.

ಹಾಗೆಂದು ಇದೆಲ್ಲ ನಕ್ಷೆಯ ಕೃಪೆ ಎಂದುಬಿಟ್ಟರೆ ಫ್ರಾನ್ಸಿಗೆ ಅನ್ಯಾಯವಾಗುತ್ತದೆ. ದಾರಿಹೋಕರನ್ನು ನಿಲ್ಲಿಸಿಕೊಳ್ಳಲು ಆ ದೇಶ ಪಟ್ಟ ಪ್ರಯತ್ನ ದೊಡ್ಡದು. 1936ರಲ್ಲಿ ಲಿಯೊನ್ ಬ್ಲುಮ್ ಸರ್ಕಾರ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕೊಟ್ಟಿತು. ರಜೆಯೆಂದರೆ ಊರು ಬಿಟ್ಟು ಹೊರಡುವುದು ಎಂಬ ಅಭ್ಯಾಸ ಬಡವರ ಮನೆಗೂ ಬಂತು, ಅದನ್ನು ನಂಬಿ ಸಣ್ಣ ಊರುಗಳಲ್ಲೂ ವಸತಿ ವ್ಯವಸ್ಥೆ ಬೆಳೆಯಿತು. ಅರವತ್ತರ ದಶಕದಲ್ಲಿ ರಜೆಯ ಜನ ಫ್ರಾನ್ಸನ್ನು ದಾಟಿ ನೇರ ಸ್ಪೇನಿಗೆ ಹೋಗತೊಡಗಿದಾಗ ಪ್ಯಾರಿಸ್ ಸುಮ್ಮನಿರಲಿಲ್ಲ. 1963ರಲ್ಲಿ ಲಾಂಗ್‌ಡಾಕ್ ಕರಾವಳಿಯಲ್ಲಿ ‘ಮಿಷನ್ ರಸೀನ್’ ಎಂಬ ಯೋಜನೆ ಶುರುವಾಯಿತು. ಜೌಗು ನೆಲ, ಸೊಳ್ಳೆಗಳ ಕಾಟ, ಮರಳ ದಿಬ್ಬಗಳಷ್ಟೇ ಇದ್ದ ಆ ತೀರದಲ್ಲಿ ಸೊಳ್ಳೆಗಳನ್ನು ಹತೋಟಿಗೆ ತಂದು, ರಸ್ತೆ ಹಾಕಿ, ಮರ ನೆಟ್ಟು, ಹೊಸ ಕಡಲೂರುಗಳನ್ನೇ ಕಟ್ಟಿದರು. ಅವುಗಳಲ್ಲಿ ಹೆಸರಾದದ್ದು ಲಾ ಗ್ರಾಂದ್ ಮೊತ್. ವಾಸ್ತುಶಿಲ್ಪಿ ಝಾನ್ ಬಲದೂರ್ ಮೆಕ್ಸಿಕೊದ ಪ್ರಾಚೀನ ಪಿರಮಿಡ್ಡುಗಳಿಂದ ಸ್ಫೂರ್ತಿ ಪಡೆದು ಅಲ್ಲಿನ ಬಿಳಿ ವಸತಿ ಕಟ್ಟಡಗಳನ್ನು ರೂಪಿಸಿದರು. ಪಕ್ಕದ ದೇಶಕ್ಕೆ ಹೊರಟ ಪ್ರವಾಸಿಯನ್ನು ಹಿಡಿದು ನಿಲ್ಲಿಸಲು ಒಂದು ಸರ್ಕಾರ ಇಡೀ ಕರಾವಳಿಯನ್ನೇ ಹೊಸದಾಗಿ ಕಟ್ಟಿತು.

ಸ್ಪೇನಿನ ಕಥೆ ಇನ್ನೂ ರೋಚಕ. ಅಂತರ್ಯುದ್ಧದಿಂದ ಬಡವಾಗಿದ್ದ, ಫ್ರಾಂಕೊ ಸರ್ವಾಧಿಕಾರದಲ್ಲಿ ಜಗತ್ತಿನಿಂದ ದೂರ ಉಳಿದಿದ್ದ ದೇಶ ಅದು. 1959ರಲ್ಲಿ ತನ್ನ ಕರೆನ್ಸಿ ಪೆಸೆಟಾದ ಬೆಲೆ ಇಳಿಸಿ ಡಾಲರಿಗೆ 60 ಎಂದು ನಿಗದಿ ಮಾಡಿದ್ದೇ ಬ್ರಿಟಿಷರಿಗೆ, ಜರ್ಮನ್ನರಿಗೆ ಸ್ಪೇನ್ ಅಗ್ಗವಾಯಿತು. ಅದೇ ಹೊತ್ತಿಗೆ ಚಾರ್ಟರ್ ವಿಮಾನಗಳೂ ಪ್ಯಾಕೇಜ್ ಪ್ರವಾಸಗಳೂ ಬಂದವು. 1960ರಲ್ಲಿ ಸುಮಾರು 60 ಲಕ್ಷ ಇದ್ದ ಭೇಟಿಗಳ ಸಂಖ್ಯೆ 1973ರ ಹೊತ್ತಿಗೆ ಮೂರೂಕಾಲು ಕೋಟಿಯನ್ನೂ ಮೀರಿತು.

ಈ ಬದಲಾವಣೆಯನ್ನು ಒಂದೇ ಊರಿನಲ್ಲಿ ನೋಡಬೇಕೆಂದರೆ ಬೆನಿದೋರ್ಮ್‌ಗೆ ಹೋಗಬೇಕು. ಟ್ಯೂನಾ ಹಿಡಿಯುವ ಬೆಸ್ತರಿಗೆ ಹೆಸರಾಗಿದ್ದ ಸಣ್ಣ ಊರು. ಐವತ್ತರ ದಶಕದಲ್ಲಿ ಅಲ್ಲಿ ಮೇಯರ್ ಆಗಿದ್ದವರು ಪೆದ್ರೊ ಸರಗೋಸ. ಕಡಲತೀರದಲ್ಲಿ ಬಿಕಿನಿ ತೊಡಲು ಅವರು ಅನುಮತಿ ಕೊಟ್ಟಾಗ ಚರ್ಚಿನ ಹಿರಿಯರು ಕೆರಳಿದರು. ಸರಗೋಸ ವೆಸ್ಪಾ ಸ್ಕೂಟರ್ ಏರಿ ಮ್ಯಾಡ್ರಿಡ್‌ವರೆಗೆ ಹೋಗಿ ಫ್ರಾಂಕೊ ಮುಂದೆಯೇ ತಮ್ಮ ವಾದ ಮಂಡಿಸಿದರು ಎಂಬುದು ಆ ಊರು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ. 1956ರ ನಗರಯೋಜನೆ ಬೆನಿದೋರ್ಮ್ ಮೇಲಕ್ಕೆ ಬೆಳೆಯಲು ದಾರಿ ಮಾಡಿಕೊಟ್ಟಿತು. ಇಂದು ಅಲ್ಲಿ ಸಾಲುಸಾಲು ಗಗನಚುಂಬಿ ಹೋಟೆಲುಗಳಿವೆ.

ಬಿಸಿಲು, ಮರಳಿನ ಜೊತೆಗೆ ಸ್ಪೇನ್ ಇನ್ನೊಂದು ದಾರಿಯನ್ನೂ ಹಿಡಿದಿತ್ತು, ಪ್ರವಾಸಪ್ರಿಯರು ಹೆಚ್ಚು ಮೆಚ್ಚಬೇಕಾದದ್ದು ಅದನ್ನೇ. 1928ರಲ್ಲಿ ಗ್ರೇದೊಸ್ ಬೆಟ್ಟಗಳಲ್ಲಿ ಮೊದಲ ‘ಪರದೋರ್’ ತೆರೆಯಿತು. ಪಾಳುಬೀಳುತ್ತಿದ್ದ ಕೋಟೆ, ಮಠ, ಅರಮನೆಗಳನ್ನು ಸರ್ಕಾರವೇ ದುರಸ್ತಿ ಮಾಡಿ ಹೋಟೆಲಾಗಿ ನಡೆಸುವ ವ್ಯವಸ್ಥೆಯಾಗಿ ಅದು ಬೆಳೆಯಿತು. ಈಗ ದೇಶದುದ್ದಕ್ಕೂ ಪರದೋರ್‌ಗಳು ತೊಂಬತ್ತಕ್ಕೂ ಹೆಚ್ಚಿವೆ. ಸ್ಯಾಂಟಿಯಾಗೊ ದೇ ಕೊಂಪೊಸ್ತೆಲಾಕ್ಕೆ ನಡೆದುಹೋಗುವ ಹಳೆಯ ಯಾತ್ರಾಮಾರ್ಗಕ್ಕೂ ಹೊಸ ಜೀವ ಬಂತು. 2024ರಲ್ಲಿ ಯಾತ್ರೆ ಮುಗಿಸಿ ಪ್ರಮಾಣಪತ್ರ ಪಡೆದವರೇ ಸುಮಾರು ಐದು ಲಕ್ಷ.

ಬಂದವರ ತಲೆ ಎಣಿಸುವ ಬದಲು ಅವರು ಬಿಟ್ಟುಹೋದ ಹಣ ಎಣಿಸಿದರೆ ಪಟ್ಟಿ ತಲೆಕೆಳಗಾಗುತ್ತದೆ. 2024ರಲ್ಲಿ ವಿದೇಶಿ ಪ್ರವಾಸಿಗರಿಂದ ಅಮೆರಿಕ ಗಳಿಸಿದ್ದು 21,500 ಕೋಟಿ ಡಾಲರ್. ಸ್ಪೇನ್ 10,600 ಕೋಟಿ ಡಾಲರಿನೊಂದಿಗೆ ಎರಡನೆಯದು, ಬ್ರಿಟನ್ 8,400 ಕೋಟಿಯೊಂದಿಗೆ ಮೂರನೆಯದು. ಫ್ರಾನ್ಸ್ 7,700 ಕೋಟಿಯೊಂದಿಗೆ ನಾಲ್ಕಕ್ಕೆ ಇಳಿಯುತ್ತದೆ. ದಾರಿಯಲ್ಲಿ ಒಂದು ರಾತ್ರಿ ತಂಗಿ ಹೋಗುವವರಿಗೂ ಹೋಗಿ ಬೀಡುಬಿಡುವವರಿಗೂ ಇರುವ ವ್ಯತ್ಯಾಸ ಇಲ್ಲಿ ಬಯಲಾಗುತ್ತದೆ. ಅಮೆರಿಕದಲ್ಲೂ ನೆರೆಹೊರೆಯ ಲೆಕ್ಕವಿದೆ. ಅಲ್ಲಿಗೆ ಹೋದ 7.24 ಕೋಟಿಯಲ್ಲಿ ಅರ್ಧದಷ್ಟು ಮಂದಿ ಕೆನಡಾ ಮತ್ತು ಮೆಕ್ಸಿಕೊದವರು. ಸಾಗರ ದಾಟಿ ಬಂದ ಉಳಿದರ್ಧ ಮಂದಿ ಮಾತ್ರ ವಾರಗಟ್ಟಲೆ ಇದ್ದು ಧಾರಾಳವಾಗಿ ಖರ್ಚು ಮಾಡುತ್ತಾರೆ.

ಭಾರತದ ಅಂಕಿಗಳನ್ನೂ ಇದೇ ಕಣ್ಣಿನಿಂದ ಓದಬೇಕು. 2024ರಲ್ಲಿ ಇಲ್ಲಿಗೆ ಬಂದ ವಿದೇಶಿ ಪ್ರವಾಸಿಗರು ಸುಮಾರು ಒಂದು ಕೋಟಿ. ಅನಿವಾಸಿ ಭಾರತೀಯರ ಭೇಟಿಗಳನ್ನೂ ಸೇರಿಸಿದರೆ ಎರಡು ಕೋಟಿ ದಾಟುತ್ತದೆ. ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ತಂಗಿಯ ಮದುವೆಗೆ ಮೈಸೂರಿಗೆ ಬಂದರೆ ಅನಿವಾಸಿಗಳ ಲೆಕ್ಕಕ್ಕೆ ಸೇರುತ್ತಾರೆ. ಅದೇ ಮದುವೆಗೆ ಬಂದ ಅಮೆರಿಕನ್ ಪೌರತ್ವದ ಅಣ್ಣ ವಿದೇಶಿ ಪ್ರವಾಸಿಯಾಗುತ್ತಾನೆ. ಇಬ್ಬರೂ ಉಳಿಯುವುದು ಅಪ್ಪನ ಮನೆಯಲ್ಲೇ. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ. ನೋಡತಕ್ಕದ್ದಕ್ಕೆ ಇಲ್ಲಿ ಬರವಿಲ್ಲ. ಫ್ರಾನ್ಸಿಗಿರುವಂತೆ ಕಾರು ಹತ್ತಿ ಬರುವ ಎಂಟು ಶ್ರೀಮಂತ ನೆರೆಯವರು ಭಾರತಕ್ಕಿಲ್ಲ. ಬರುವವರಲ್ಲಿ ಹೆಚ್ಚಿನವರು ವೀಸಾ ಪಡೆದು, ದೂರದಿಂದ ವಿಮಾನ ಹತ್ತಿಯೇ ಬರಬೇಕು. ಹೊಯ್ಸಳರ ಶಿಲ್ಪಿಗಳ ಹಿರಿಮೆಯನ್ನು ಪ್ರವಾಸಿಗರ ಅಂಕಿಯಿಂದ ಅಳೆಯಹೊರಟವರು ಈ ಮಾತನ್ನು ನೆನಪಿಡುವುದು ಒಳ್ಳೆಯದು.

ಪಟ್ಟಿಯ ಮೇಲಿನ ಸಾಲಿನಲ್ಲಿರುವ ದೇಶಗಳಿಗೆ ಈಗ ಆ ಸ್ಥಾನವೇ ಭಾರವಾಗತೊಡಗಿದೆ. 2024ರ ಏಪ್ರಿಲ್‌ನಲ್ಲಿ ಸ್ಪೇನಿನ ಕ್ಯಾನರಿ ದ್ವೀಪಗಳ ನಿವಾಸಿಗಳು ಬೀದಿಗಿಳಿದು, ದ್ವೀಪಕ್ಕೂ ಒಂದು ಮಿತಿಯಿದೆ ಎಂದರು. ಜುಲೈನಲ್ಲಿ ಬಾರ್ಸಿಲೋನಾದ ಪ್ರತಿಭಟನಕಾರರಲ್ಲಿ ಕೆಲವರು ರೆಸ್ಟೋರೆಂಟುಗಳ ಮುಂದೆ ಊಟಕ್ಕೆ ಕುಳಿತ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಚಿಮ್ಮಿಸಿದರು. ಅವರ ಸಿಟ್ಟಿನ ಮೂಲ ಮನೆಬಾಡಿಗೆ. ಊರವರಿಗೆ ಬಾಡಿಗೆಗೆ ಸಿಗಬೇಕಾದ ಫ್ಲ್ಯಾಟುಗಳು ದಿನದ ಲೆಕ್ಕದಲ್ಲಿ ಪ್ರವಾಸಿಗರ ಪಾಲಾಗುತ್ತವೆ, ಸಂಬಳದಾರರು ನಗರದ ಅಂಚಿಗೆ ಸರಿಯಬೇಕಾಗುತ್ತದೆ. ಬಾರ್ಸಿಲೋನಾದ ಮೇಯರ್ ಜೌಮೆ ಕೊಲ್ಬೋನಿ ಅಂಥ ಹತ್ತು ಸಾವಿರಕ್ಕೂ ಹೆಚ್ಚು ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರ್‌ ನಂತರ ಮುಂದುವರಿಸುವುದಿಲ್ಲ ಎಂದು ಘೋಷಿಸಿದ್ದಾರೆ. ವೆನಿಸ್ 2024ರ ಏಪ್ರಿಲ್ 25ರಿಂದ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಆಯ್ದ ದಿನಗಳಲ್ಲಿ ಐದು ಯೂರೋ ಪ್ರವೇಶ ಶುಲ್ಕ ವಸೂಲಿ ಮಾಡಲು ಆರಂಭಿಸಿತು. ವೆನಿಸ್‌ನ ಹಳೆಯ ನಗರದಲ್ಲಿ ಉಳಿದಿರುವ ನಿವಾಸಿಗಳು ಐವತ್ತು ಸಾವಿರಕ್ಕೂ ಕಡಿಮೆ. ಲೂವ್ರ್ ದಿನಕ್ಕೆ 30 ಸಾವಿರಕ್ಕಿಂತ ಹೆಚ್ಚು ಮಂದಿಯನ್ನು ಒಳಬಿಡದಿರುವ ಮಿತಿ ಹಾಕಿಕೊಂಡಿದೆ.

ಹಾಗಾಗಿ ಮುಂದಿನ ಸಲ ಈ ಪಟ್ಟಿ ಕೈಗೆ ಬಂದಾಗ, ಅತಿಥಿಗಳು ಎಷ್ಟು ರಾತ್ರಿ ಉಳಿದರು, ಯಾವ ತಿಂಗಳಲ್ಲಿ ಬಂದರು, ದೇಶದ ಯಾವ ಮೂಲೆಗೆ ಹೋದರು ಎಂದೂ ಕೇಳಬೇಕು. ಸ್ಪೇನಿಗೆ ಬಂದವರಲ್ಲಿ ಹೆಚ್ಚಿನವರು ಕೆಟಲೋನಿಯಾ, ಬಲಿಯಾರಿಕ್, ಕ್ಯಾನರಿ, ಆಂಡಲೂಸಿಯಾಗಳಲ್ಲೇ ತುಂಬಿಕೊಳ್ಳುತ್ತಾರೆ. ಪೋರ್ಚುಗಲ್ ಗಡಿಯ ಎಕ್ಸ್‌ತ್ರೆಮದೂರ ಪ್ರಾಂತ್ಯಕ್ಕೆ ಹೋಗುವ ವಿದೇಶಿಯರು ಕಡಿಮೆ. ಅಲ್ಲಿನ ಮೆರಿದಾದ ರೋಮನ್ ರಂಗಮಂದಿರದಲ್ಲಿ ಇಂದಿಗೂ ಬೇಸಿಗೆಯ ರಾತ್ರಿಗಳಲ್ಲಿ ನಾಟಕ ನಡೆಯುತ್ತದೆ. ಫ್ರಾನ್ಸಿನ ನಟ್ಟನಡುವೆ ಓವೆರ್ನ್ ಪ್ರದೇಶದಲ್ಲಿ ಆರಿದ ಜ್ವಾಲಾಮುಖಿಗಳ ಸಾಲೇ ಇದೆ, 2018ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದು.

ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ, ಫ್ರಾನ್ಸ್, ಸ್ಪೇನ್ ಎರಡಕ್ಕೂ ಒಂದೇ ಶೆಂಗೆನ್ ವೀಸಾ ಸಾಕು. ಪ್ಯಾರಿಸ್–ಬಾರ್ಸಿಲೋನಾ ನಡುವೆ 2013ರ ಡಿಸೆಂಬರ್‌ನಿಂದ ನೇರ ವೇಗದ ರೈಲು ಓಡುತ್ತಿದೆ. ಏಳು ಗಂಟೆಯೊಳಗೆ ಮುಗಿಯುವ ಈ ಪ್ರಯಾಣವನ್ನು ಎರಡು ಮೂರು ದಿನಕ್ಕೆ ಎಳೆಯುವುದು ಒಳ್ಳೆಯದು. ನಾರ್ಬೋನ್ ದಾಟಿದ ಮೇಲೆ ಹಳಿ ಲಾಂಗ್‌ಡಾಕ್‌ನ ಉಪ್ಪುನೀರಿನ ಸರೋವರಗಳ ಪಕ್ಕದಲ್ಲೇ ಸಾಗುತ್ತದೆ. ಪೆರ್ಪಿನ್ಯಾದಲ್ಲಿ ಇಳಿದು ಒಂದು ರಾತ್ರಿ ಉಳಿಯಬಹುದು. ಚಿತ್ರಕಾರ ಸಾಲ್ವದೋರ್ ದಾಲಿ ಜಗತ್ತಿನ ಕೇಂದ್ರ ಎಂದು ಸಾರಿದ್ದು ಆ ಊರಿನ ರೈಲು ನಿಲ್ದಾಣವನ್ನೇ. ಮರುದಿನ ಗಡಿಯಾಚೆಯ ಫಿಗೇರಸ್‌ನಲ್ಲಿ ಇಳಿದರೆ 1974ರಲ್ಲಿ ತೆರೆದ, ದಾಲಿ ತಮ್ಮ ಹುಟ್ಟೂರಿಗೆ ತಾವೇ ರೂಪಿಸಿಕೊಟ್ಟ ಸಂಗ್ರಹಾಲಯವಿದೆ. ಬೇಸಿಗೆಯ ನೂಕುನುಗ್ಗಲು ತಪ್ಪಿಸಿ ಮೇ ತಿಂಗಳಲ್ಲೋ ಅಕ್ಟೋಬರ್‌ನಲ್ಲೋ ಹೊರಟರೆ ಎರಡೂ ಕಡೆ ಹೋಟೆಲ್ ಕೋಣೆಗಳು ಹಿತವಾದ ದರಕ್ಕೆ ಸಿಗುತ್ತವೆ, ಹೋಟೆಲಿನವರಿಗೂ ಕೂತು ಮಾತಾಡಲು ಪುರುಸೊತ್ತಿರುತ್ತದೆ.