ಯಾರಿಗೂ ತಕರಾರಿಲ್ಲದ ಹೆಸರು

ಕನ್ನಡದ ಹುಡುಗಿ, ಬಂಗಾಳಿ ಹುಡುಗ. ಕೊಡವ ಅಪ್ಪ, ಪಂಜಾಬಿ ಅಮ್ಮ. ಒಬ್ಬರದು ಇಗರ್ಜಿ, ಇನ್ನೊಬ್ಬರದು ಮನೆದೇವರ ಜಾತ್ರೆ. ಬೆಂಗಳೂರಿನಲ್ಲಿ ಇಂಥ ಸಂಸಾರಗಳನ್ನು ಕಂಡು ಈಗ ಯಾರೂ ಹುಬ್ಬೇರಿಸುವುದಿಲ್ಲ. ಮಗು ಹುಟ್ಟಿ ಹೆಸರಿನ ಮಾತು ಬಂತೆಂದರೆ ಮಾತ್ರ, ಅಲ್ಲಿಯವರೆಗೆ ನಯವಾಗಿ ನಡೆದುಕೊಂಡಿದ್ದ ಬೀಗರು ನೆಟ್ಟಗೆ ಕೂರುತ್ತಾರೆ. ಇದಕ್ಕೆ ಅಪ್ಪ ಅಮ್ಮ ಕಂಡುಕೊಂಡಿರುವ ಉಪಾಯ ಮಾಯಾ, ತಾರಾ, ಸಾರಾ, ಮೀರಾ, ಕಬೀರ್, ರೋಹನ್, ನೀಲ್. ಎರಡಕ್ಷರ, ಹೆಚ್ಚೆಂದರೆ ಮೂರು. ವಿದೇಶದ ಶಾಲೆಯಲ್ಲೂ ನಡೆಯಬೇಕು, ಹಾಸನದ ಅಜ್ಜಿಯ ಬಾಯಲ್ಲೂ ನಿಲ್ಲಬೇಕು. ಕೇಳಿದರೆ, ಎರಡೂ ಕಡೆಗೆ ಗೌರವ ಕೊಟ್ಟಂತಾಯಿತಲ್ಲ ಎನ್ನುತ್ತಾರೆ. ನನಗೆ ಇದು ಗೌರವದಂತೆ ಕಾಣುವುದಿಲ್ಲ, ರಾಜಿ ಪಂಚಾಯಿತಿಯಂತೆ ಕಾಣುತ್ತದೆ.

ಈ ಹೆಸರುಗಳನ್ನು ಆರಿಸುವ ರೀತಿಯಲ್ಲೇ ಅದು ಗೊತ್ತಾಗುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಪಟ್ಟಿ ಬೀಳುತ್ತದೆ. ಒಬ್ಬರು ‘ಹಳೇ ಕಾಲದ್ದು’ ಎಂದು ಒಂದನ್ನು ಹೊಡೆದುಹಾಕುತ್ತಾರೆ, ಇನ್ನೊಬ್ಬರು ‘ತೀರಾ ಅವರ ಕಡೆಯದ್ದು’ ಎಂದು ಮತ್ತೊಂದನ್ನು. ಬೇಡ ಎನ್ನುವ ಹಕ್ಕು ಎಲ್ಲರಿಗೂ ಇದೆ. ನಮ್ಮಮ್ಮನ ಹೆಸರೇ ಬೇಕು ಎಂದು ಹಟ ಹಿಡಿಯುವವರು ಮಾತ್ರ ಸಣ್ಣತನದವರಾಗುತ್ತಾರೆ. ಕೊನೆಗೆ ಉಳಿಯುವುದು ಯಾರಿಗೂ ತಕರಾರಿಲ್ಲದ ಹೆಸರು. ಎರಡು ಮನೆಗಳ ಹಿರಿಯರಲ್ಲಿ ಯಾರಿಗೂ ಆ ಹೆಸರಿಲ್ಲ ಎಂಬುದೇ ಅದರ ಯೋಗ್ಯತೆ.

ಒಂದು ಮಾತು ಒಪ್ಪಬೇಕು. ಹೆಸರು ಕೇಳಿದೊಡನೆ ಬಾಡಿಗೆ ಮನೆ ಖಾಲಿಯಿಲ್ಲ ಎನ್ನುವ ಊರಿನಲ್ಲಿ, ಬೇರೆ ಬೇರೆ ಧರ್ಮದ ದಂಪತಿ ಮಗುವಿಗೆ ಜಾತಿಧರ್ಮ ಬಿಟ್ಟುಕೊಡದ ಹೆಸರು ಹುಡುಕಿದರೆ ಅದನ್ನು ಹೇಡಿತನ ಎನ್ನಲಾಗದು. ಆದರೆ ಅದು ರಕ್ಷಣೆಯ ಲೆಕ್ಕಾಚಾರ. ಅದನ್ನು ಪರಂಪರೆಗೆ ಸಲ್ಲಿಸಿದ ಗೌರವ ಎಂದು ಕರೆಯುವುದಕ್ಕೆ ನನ್ನ ತಕರಾರು.

ಸೋಜಿಗವೆಂದರೆ, ಒಂದೇ ಹೆಸರಿನಲ್ಲಿ ಎಲ್ಲರನ್ನೂ ತೃಪ್ತಿಪಡಿಸಬೇಕೆಂಬ ಹಟ ನಮ್ಮ ಹಿಂದಿನವರಿಗೆ ಇರಲೇ ಇಲ್ಲ. ನಾಮಕರಣದಲ್ಲಿ ತಟ್ಟೆ ತುಂಬ ಅಕ್ಕಿ ಹರಡಿ, ಅಪ್ಪನ ಕೈಗೆ ಚಿನ್ನದ ಉಂಗುರ ಕೊಟ್ಟು ಪುರೋಹಿತರು ಬರೆಸುವುದು ಒಂದು ಹೆಸರನ್ನಲ್ಲ. ದೇವತಾನಾಮ, ಮಾಸನಾಮ, ನಕ್ಷತ್ರನಾಮ, ಕೊನೆಗೆ ವ್ಯಾವಹಾರಿಕ ನಾಮ. ಮೊದಲ ಮೂರು ಅಕ್ಕಿಯ ಜೊತೆಗೇ ಡಬ್ಬಿ ಸೇರುತ್ತವೆ, ಆ ಮಾತು ಬೇರೆ. ಬಂಗಾಳಿಗಳಲ್ಲೂ ಮನೆಯಲ್ಲಿ ಕರೆಯುವ ‘ಡಾಕ್ ನಾಮ್’ ಒಂದು, ಶಾಲೆ ಕಚೇರಿಗೆ ‘ಭಾಲೊ ನಾಮ್’ ಇನ್ನೊಂದು. ಎರಡು ಮೂರು ಹೆಸರು ಹೊತ್ತು ಬದುಕುವುದು ಎರಡೂ ಮನೆಗಳಿಗೆ ಗೊತ್ತಿದ್ದರೂ, ಅವೆರಡೂ ಬೆರೆತ ಮನೆಯಲ್ಲಿ ಮಾತ್ರ ಒಂದೇ ಹೆಸರಿಗೆ ಗುದ್ದಾಟ.

ಬೆರೆತ ಹೆಸರು ಹೇಗಿರಬೇಕು ಎಂದು ನೋಡಲು ನಾನು ಉತ್ತರ ಕರ್ನಾಟಕದ ಕಡೆ ಬೆರಳು ತೋರಿಸುತ್ತೇನೆ. ಅಲ್ಲಿ ಹಿಂದೂ ಮನೆಗಳಲ್ಲಿ ಫಕೀರಪ್ಪ, ಹುಸೇನಪ್ಪ ಇದ್ದಾರೆ. ಮೊಹರಂನ ಅಲಾಯಿ ದೇವರಿಗೋ ದರ್ಗಾಕ್ಕೋ ಹರಕೆ ಹೊತ್ತು, ಹುಟ್ಟಿದ ಮಗುವಿಗೆ ಆ ಹೆಸರಿಟ್ಟವರು. ಶಿರಹಟ್ಟಿಯ ಫಕೀರೇಶ್ವರ ಮಠದ ಸ್ವಾಮಿಗಳ ಹೆಸರಿನಲ್ಲೇ ಫಕೀರನೂ ಸಿದ್ಧರಾಮನೂ ಒಟ್ಟಿಗೆ ನಿಲ್ಲುತ್ತಾರೆ. ಅಲ್ಲಿ ಬೆರೆತದ್ದು ಮದುವೆಯಲ್ಲ, ಭಕ್ತಿ. ಆದರೂ ಕಸುಬಿನ ಮಟ್ಟಿಗೆ ಹೇಳುವುದಾದರೆ ಫಕೀರಪ್ಪನ ಮುಂದೆ ನೀಲ್ ತೀರಾ ಸಪ್ಪೆ. ಫಕೀರನನ್ನು ಎಲ್ಲೂ ಕೆತ್ತಿ ನುಣುಪು ಮಾಡಿಲ್ಲ, ಅಪ್ಪನನ್ನೂ ಬಿಟ್ಟಿಲ್ಲ. ಕೇಳಿದವರಿಗೆ ಇದು ಯಾರ ಕಡೆಯದು ಎಂಬ ಅನುಮಾನ ಬರುವುದಿಲ್ಲ, ಇಬ್ಬರ ಕಡೆಯದೂ ಹೌದು ಎಂದು ನೇರವಾಗಿ ಕಾಣುತ್ತದೆ.

ಇನ್ನು ನಿಜವಾದ ಅನ್ಯಾಯ ನಡೆಯುವುದು ಮಗುವಿನ ಹೆಸರಿನಲ್ಲಲ್ಲ, ಅದರ ಬಾಲದಲ್ಲಿ. ಹಳೇ ಮೈಸೂರಿನವರಿಗೆ ಸಾಮಾನ್ಯವಾಗಿ ಮನೆತನದ ಹೆಸರೆಂಬುದಿಲ್ಲ, ಇನಿಷಿಯಲ್ ಇದೆ. ಹೆಚ್.ಡಿ. ದೇವೇಗೌಡರ ‘ಹೆಚ್’ ಹರದನಹಳ್ಳಿ, ‘ಡಿ’ ತಂದೆ ದೊಡ್ಡೇಗೌಡರು. ಊರು, ತಂದೆ, ತಾನು, ಅಷ್ಟೆ. ಹೀಗಿರುವ ಮನೆಯ ಮಗಳು ಮುಖರ್ಜಿಯನ್ನು ಮದುವೆಯಾದರೆ, ಮಗುವಿನ ಅರ್ಜಿಯಲ್ಲಿ ‘ಸರ್‌ನೇಮ್’ ಎಂಬ ಚೌಕಕ್ಕೆ ಮುಖರ್ಜಿ ತಾನಾಗಿ ಬಂದು ಕೂರುತ್ತದೆ, ಯಾರೂ ಚರ್ಚೆ ಮಾಡುವುದಿಲ್ಲ. ಅಮ್ಮನ ಕಡೆಗೆ ಉಳಿಯುವುದು ಮೊದಲ ಹೆಸರಿನ ಜಾಗ ಮಾತ್ರ. ಅಲ್ಲಿ ‘ಎರಡೂ ಕಡೆಗೆ ಒಪ್ಪುವ’ ಮಾಯಾ ಬಂದಳೆಂದರೆ, ಮಾಯಾ ಮುಖರ್ಜಿಯಲ್ಲಿ ಅಮ್ಮನ ಮನೆ ಎಲ್ಲಿದೆ? ಸಮಪಾಲು ಎಂದುಕೊಂಡದ್ದು ಪೂರಾ ಒಂದೇ ಕಡೆಗೆ ಹೋಗಿರುತ್ತದೆ.

ಕಮಲಾ ಹ್ಯಾರಿಸ್ ತಾಯಿ ಶ್ಯಾಮಲಾ ಗೋಪಾಲನ್ ಈ ಲೆಕ್ಕದಲ್ಲಿ ಜಾಣೆ. 1964ರಲ್ಲಿ ಓಕ್‌ಲೆಂಡಿನಲ್ಲಿ ಹುಟ್ಟಿದ ಹಿರಿಯ ಮಗಳು ಕಮಲಾ ದೇವಿ, ಕಿರಿಯಳು ಮಾಯಾ ಲಕ್ಷ್ಮಿ. ಜಮೈಕಾ ಮೂಲದ ತಂದೆಗೆ ಕೊನೆಯ ಹೆಸರು, ಮೊದಲಿನ ಎರಡೂ ತಮಿಳು ತಾಯಿಯ ಕಡೆಗೆ. ಆದರೆ ಅಲ್ಲೂ ಗೋಪಾಲನ್ ಕಾಣೆ. ಅದು ಶ್ಯಾಮಲಾ ಅವರ ತಂದೆಯ ಹೆಸರು, ಹೆಂಗಸಿನ ಮೂಲಕ ಮುಂದಕ್ಕೆ ಸಾಗುವ ದಾರಿ ಅದಕ್ಕಿರಲಿಲ್ಲ. ಪ್ರಿಯಾಂಕಾ ಚೋಪ್ರಾ, ನಿಕ್ ಜೋನಸ್ ದಂಪತಿಗೆ 2022ರಲ್ಲಿ ಹುಟ್ಟಿದ ಮಗಳು ಮಾಲ್ತಿ ಮೇರಿ ಚೋಪ್ರಾ ಜೋನಸ್. ಉದ್ದವೇನೋ ಹೌದು, ವಕೀಲರ ಕಚೇರಿಯ ಬೋರ್ಡಿನಂತಿದೆ. ಆದರೂ ನನಗೆ ಇಷ್ಟ, ಯಾಕೆಂದರೆ ಮೊದಲ ಎರಡರಲ್ಲಿ ಇಬ್ಬರು ಅಜ್ಜಿಯರಿದ್ದಾರೆ. ಗೌರವ ಸಂದದ್ದು ‘ಸಂಸ್ಕೃತಿ’ ಎಂಬ ಗಾಳಿಮಾತಿಗಲ್ಲ, ಮನೆಯಲ್ಲಿರುವ ಇಬ್ಬರು ಹೆಂಗಸರಿಗೆ.

ಮಗು ಇಷ್ಟೆಲ್ಲ ಹೊರಬೇಕೇ ಎಂದು ಕೇಳುವವರಿದ್ದಾರೆ. ಹೊರದಿದ್ದರೂ ನಡೆಯುತ್ತದೆ. ಸಿತಾರ್ ವಾದಕ ರವಿಶಂಕರ್ ಮಗಳು 1979ರಲ್ಲಿ ಹುಟ್ಟಿದಾಗ ಗೀತಾಲಿ ನೋರಾ ಜೋನ್ಸ್ ಶಂಕರ್. ಹದಿನಾರರಲ್ಲಿ ಅದನ್ನು ನೋರಾ ಜೋನ್ಸ್ ಎಂದು ತಾನೇ ಕತ್ತರಿಸಿಕೊಂಡಳು. ಕತ್ತರಿಸಲು ಅವಳಿಗೆ ಬಟ್ಟೆಯಾದರೂ ಇತ್ತು. ಉಚ್ಚಾರದ ಹೆದರಿಕೆಯೂ ಅತಿಯಾಯಿತು. ಬಂಗಾಳಿ ಬಾಯಲ್ಲಿ ವಿವೇಕ ‘ಬಿಬೇಕ್’ ಆಗುತ್ತಾನೆ, ನಮ್ಮ ಬಾಯಲ್ಲಿ ಜಾನ್ ‘ಜಾನು’ ಆಗುತ್ತಾನೆ. ಅಜ್ಜಿ ತಾತಂದಿರು ಹೆಸರು ಕೆಡಿಸುವುದು ಮುದ್ದಿನ ಒಂದು ಬಗೆ.

ಆತುರಕ್ಕೂ ಕಾರಣವಿಲ್ಲ. ಜನನವನ್ನು 21 ದಿನದೊಳಗೆ ತಿಳಿಸಬೇಕು, ನಿಜ. ಆದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಕಲಮಿನ ಪ್ರಕಾರ ಹೆಸರಿಲ್ಲದೆಯೂ ಮಗುವನ್ನು ನೋಂದಾಯಿಸಬಹುದು. ಹನ್ನೆರಡು ತಿಂಗಳೊಳಗೆ ಸೇರಿಸಿದರೆ ಶುಲ್ಕವಿಲ್ಲ, ಆಮೇಲೆ ಸೇರಿಸಿದರೆ ತಡದ ಶುಲ್ಕ. ಅಪ್ಪನ ಮನೆತನದ ಹೆಸರು ಹೇಗೂ ತನ್ನ ಜಾಗ ತಾನೇ ಹಿಡಿದುಕೊಂಡಿದೆ. ಉಳಿದ ಜಾಗಕ್ಕೆ ಅಮ್ಮನ ಅಜ್ಜಿ ಚಿಕ್ಕತಾಯಮ್ಮ ಬರಬಹುದೇ ಎಂದು ಬೀಗರ ಜೊತೆ ಜಗಳವಾಡಲು ಒಂದಿಡೀ ವರ್ಷ ಇದೆ.